ಎಷ್ಟು ವ್ಯಾಟ್ ಅಂತ ಆಮೇಲೆ ಕೇಳಿ, ಬ್ರೇಕ್ ಯಾವುದು ಹೇಳಿ

ನಮಸ್ಕಾರ. ಲೋಡ್ ಸೈಕಲ್ಲಿಗೆ ಹಬ್ ಮೋಟಾರ್, ಅಂದ್ರೆ ಚಕ್ರದ ನಡುವೆಯೇ ಕೂರೋ ಕರೆಂಟ್ ಮೋಟಾರ್, ಹಾಕಿಸ್ಬೇಕು ಅಂತ ಕೊಡಗಿನಲ್ಲಿ ಯಾರೇ ಬಂದ್ರೂ ಮೊದಲು ಕೇಳೋದು ಒಂದೇ ಮಾತು: "ಅಣ್ಣಾ, ಎಷ್ಟು ವ್ಯಾಟ್ ಹಾಕ್ಲಿ?" ನಾನು ತಿರುಗಿ ಕೇಳೋದೂ ಒಂದೇ: ಸೈಕಲ್ಲಿಗೆ ಬ್ರೇಕ್ ಯಾವುದಿದೆ? ನಮ್ಮ ಜಿಲ್ಲೆಯಲ್ಲಿ ಈ ಕೆಲಸದ ಲೆಕ್ಕವನ್ನ ಇಳಿಜಾರಿನಿಂದ ಶುರು ಮಾಡ್ಬೇಕು, ಏರಿನಿಂದ ಅಲ್ಲ. ಮೊದಲ ದುಡ್ಡು ಬ್ರೇಕಿಗೆ ಹೋಗ್ಬೇಕು, ಉಳಿದದ್ದು ಮೋಟಾರಿಗೆ. ಯಾಕೆ ಅಂತ ಅಂಕಿ ಇಟ್ಟೇ ಹೇಳ್ತೀನಿ.

ಸವಾರ, ಸೈಕಲ್, ಮೋಟಾರ್, ಬ್ಯಾಟರಿ, ಹಿಂದೆ 50 ಕೆಜಿಯ ಒಂದು ಚೀಲ. ಎಲ್ಲಾ ಸೇರಿ 150 ಕೆಜಿ ಅಂತ ಇಟ್ಕೊಳ್ಳಿ. 100 ಮೀಟರ್ ಹೋದ್ರೆ 8 ಮೀಟರ್ ಮೇಲೇರೋ ರಸ್ತೆ. ಕೊಡಗಿನಲ್ಲಿ ಅಂಥ ಏರು ಹುಡುಕ್ಕೊಂಡು ಹೋಗಬೇಕಾಗಿಲ್ಲ, ಮನೆ ಗೇಟ್ ದಾಟಿದ್ರೆ ಸಿಗುತ್ತೆ. ಈ ಭಾರವನ್ನ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಆ ಏರು ಹತ್ತಿಸೋಕೆ ಸುಮಾರು 370 ವ್ಯಾಟ್ ಬೇಕು. 250 ವ್ಯಾಟನ್ನ ಮೋಟಾರ್ ಕೊಡುತ್ತೆ, ಉಳಿದ 120ನ್ನ ನಿಮ್ಮ ಕಾಲು ಕೊಡ್ಬೇಕು. ದುಡಿಯೋ ಮೈ ಇರೋರಿಗೆ ಅದು ದೊಡ್ಡದಲ್ಲ. ಈಗ ಅದೇ ಸೈಕಲ್, ಅದೇ ಚೀಲ, ಅದೇ ರಸ್ತೆಯಲ್ಲಿ ಕೆಳಗಿಳೀಲಿ. ಗಂಟೆಗೆ 25 ಕಿಲೋಮೀಟರ್ ಮೀರದ ಹಾಗೆ ಹಿಡಿದಿಡೋಕೆ, ಗಾಳಿ ಮತ್ತು ಟೈರ್ ತಡೆಯೋದನ್ನ ಕಳೆದ್ರೂ, ಬ್ರೇಕ್ ಮೇಲೆ ಬೀಳೋದು 550 ವ್ಯಾಟ್‌ಗೂ ಹೆಚ್ಚು. ಮೋಟಾರಿನ ಎರಡು ಪಟ್ಟಿಗಿಂತ ಜಾಸ್ತಿ. ಅಷ್ಟೂ ಶಾಖವಾಗಿ ಬ್ರೇಕಿನಲ್ಲೇ ಹೊರಗೆ ಹೋಗ್ಬೇಕು. ಜನ ಮೋಟಾರಿಗೆ ಸಾವಿರಗಟ್ಟಲೆ ಸುರಿದು, ಬ್ರೇಕನ್ನ ಇದ್ದ ಹಾಗೇ ಬಿಡ್ತಾರೆ. ಇದನ್ನ ನೋಡಿ ನನಗೆ ಭಯವಾಗುತ್ತೆ, ನಿಜವಾಗ್ಲೂ.

ಹಾಲಿನ ಕ್ಯಾನ್ ನೇತಾಕೋ ಆ ಹಳೇ ಕಪ್ಪು ಸೈಕಲ್ ನೆನಪಿಸ್ಕೊಳ್ಳಿ. 28 ಇಂಚಿನ ಚಕ್ರ, ಕ್ರೋಮ್ ಹೊಡೆದ ಉಕ್ಕಿನ ರಿಮ್, ಹ್ಯಾಂಡಲ್‌ನಿಂದ ಇಳಿದು ಬರೋ ರಾಡ್ ಬ್ರೇಕ್. ಬಿಸಿಲಿನ ದಿನ, ಸಮತಟ್ಟು ರಸ್ತೆಯಲ್ಲಿ ಅದು ಸಾಕು. ಕ್ರೋಮ್ ರಿಮ್ ಒದ್ದೆಯಾದ್ರೆ ಮಾತ್ರ ರಬ್ಬರ್ ಜಾರುತ್ತೆ, ಹಿಡಿಯೋದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ರಿಮ್ ಒಣಗೋ ದಿನ ಯಾವುದು, ನೀವೇ ಹೇಳಿ. ಅದಕ್ಕೇ ಡಿಸ್ಕ್ ಬ್ರೇಕ್, ಅದು ರಿಮ್ ಬಿಟ್ಟು ಹಬ್ ಪಕ್ಕದ ಉಕ್ಕಿನ ತಟ್ಟೆಯನ್ನ ಹಿಡಿಯುತ್ತೆ. ಮೊದಲು ಮುಂದಿನ ಚಕ್ರಕ್ಕೆ, ಯಾಕಂದ್ರೆ ಇಳಿಜಾರಿನಲ್ಲಿ ಭಾರ ಮುಂದಕ್ಕೆ ವಾಲುತ್ತೆ, ನಿಲ್ಲಿಸೋ ಶಕ್ತಿಯ ಬಹುಪಾಲು ಅಲ್ಲೇ ಇರೋದು. ಅದಕ್ಕೆ ಡಿಸ್ಕ್ ಕೂರೋ ಬೇರೆ ಫೋರ್ಕೇ ಹಾಕಿಸ್ಬೇಕಾಗುತ್ತೆ, ಹಾಕಿಸಿ. ಹಿಂದಿನ ಚಕ್ರದ್ದು ಇನ್ನೂ ಸುಲಭ: ಬಹಳಷ್ಟು ಹಬ್ ಮೋಟಾರ್‌ಗಳಲ್ಲಿ ಡಿಸ್ಕ್ ಬಿಗಿಯೋಕೆ 6 ತೂತು ಕೊಟ್ಟೇ ಇರ್ತಾರೆ. ಅಷ್ಟು ದುಡ್ಡು ಇಲ್ಲ ಅನ್ನೋರು ಕೊನೇಪಕ್ಷ ಅಲಾಯ್ ರಿಮ್‌ಗೂ ಅದಕ್ಕೆ ಹೊಂದೋ ಬ್ರೇಕಿಗೂ ಬದಲಾಯಿಸಿ, ಅದು ಒದ್ದೆಯಲ್ಲಿ ಕ್ರೋಮ್‌ಗಿಂತ ಎಷ್ಟೋ ಮೇಲು. ಅದೂ ಆಗಲ್ಲ ಅಂದ್ರೆ ಮೋಟಾರ್ ಬೇಡ, ಇನ್ನೊಂದು ವರ್ಷ ತಡೀರಿ.

ಇನ್ನು ಮೋಟಾರ್. ಹಬ್ ಮೋಟಾರಿನಲ್ಲಿ ಎರಡು ಜಾತಿ. ಗೇರ್ ಇಲ್ಲದ ಡೈರೆಕ್ಟ್ ಡ್ರೈವ್‌ನಲ್ಲಿ ಮೋಟಾರ್ ಒಂದು ಸುತ್ತು ತಿರುಗಿದ್ರೆ ಚಕ್ರವೂ ಒಂದು ಸುತ್ತು. ಗೇರ್ ಇರೋದರಲ್ಲಿ ಒಳಗಿನ ಮೋಟಾರ್ ನಾಲ್ಕೈದು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ಬರುತ್ತೆ. ಏರಿನಲ್ಲಿ ಮೋಟಾರ್ ಎಷ್ಟು ಬಲ ಹಾಕ್ಬೇಕು ಅನ್ನೋದನ್ನ ಭಾರ ಮತ್ತು ಏರು ನಿರ್ಧರಿಸುತ್ತೆ. ಆ ಬಲಕ್ಕೆ ತಕ್ಕ ಕರೆಂಟ್ ತಂತಿಯಲ್ಲಿ ಹರಿಯಲೇಬೇಕು. ಕರೆಂಟ್ ಎರಡರಷ್ಟಾದ್ರೆ ತಂತಿಯ ಶಾಖ ನಾಲ್ಕರಷ್ಟು. ನೀವು ವೇಗವಾಗಿ ಹೋಗ್ತಿದ್ದೀರೋ ತೆವಳ್ತಿದ್ದೀರೋ, ಶಾಖ ಮಾತ್ರ ಅಷ್ಟೇ. ಅಂದ್ಮೇಲೆ ತೆವಳಿಕೊಂಡು ಹತ್ತಿದಷ್ಟೂ ಹೆಚ್ಚು ಹೊತ್ತು ಬೇಯುತ್ತೆ. ಡೈರೆಕ್ಟ್ ಡ್ರೈವ್ ಮೋಟಾರ್ ನಮ್ಮ ಏರಿನಲ್ಲಿ ಕೈ ಇಡೋಕಾಗದಷ್ಟು ಬಿಸಿಯಾಗೋದು ಇದಕ್ಕೇ. ಸಮತಟ್ಟು ಊರಿನವರು ಅದನ್ನ ಹೊಗಳ್ತಾರೆ, ಅವರ ಮಟ್ಟಿಗೆ ಅದು ಸರೀನೇ. ಗೇರ್ ಇದ್ರೆ ಚಕ್ರಕ್ಕೆ ಅದೇ ಬಲ ಕೊಡೋಕೆ ಒಳಗಿನ ಮೋಟಾರ್ ಕಡಿಮೆ ಬಲ ಹಾಕಿದ್ರೆ ಸಾಕು. ನಮಗೆ ಗೇರ್ ಇರೋ ಹಬ್ ಮೋಟಾರೇ ಬೇಕು.

ಡೈರೆಕ್ಟ್ ಡ್ರೈವ್ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನ ಮುಚ್ಚಿಡೋದು ಸರಿಯಲ್ಲ. ತಕ್ಕ ಕಂಟ್ರೋಲರ್ (ಮೋಟಾರಿಗೆ ಕರೆಂಟ್ ಹಂಚೋ ಪೆಟ್ಟಿಗೆ) ಇದ್ರೆ ಇಳಿಯುವಾಗ ಮೋಟಾರೇ ಬ್ರೇಕ್ ಆಗುತ್ತೆ, ಬ್ಯಾಟರಿಗೂ ಸ್ವಲ್ಪ ಚಾರ್ಜ್ ವಾಪಸ್ ಬರುತ್ತೆ. ಗೇರ್ ಮೋಟಾರಿನ ಒಳಗೆ ಒಂದೇ ಕಡೆ ಹಿಡಿಯೋ ಕ್ಲಚ್ ಇರೋದ್ರಿಂದ ಅದರಲ್ಲಿ ಇದಾಗಲ್ಲ. ಇಳಿಜಾರಿನ ಊರಿಗೆ ಇದಕ್ಕಿಂತ ಇನ್ನೇನು ಬೇಕು ಅನ್ಸುತ್ತೆ. ಆದ್ರೆ ನಮ್ಮವರ ದಿನ ಹೇಗೆ ಶುರುವಾಗುತ್ತೆ ನೋಡಿ. ಮನೆ ಗುಡ್ಡದ ಮೇಲೆ, ಡೈರಿ, ಅಂಗಡಿ, ಸಂತೆ ಎಲ್ಲಾ ಕೆಳಗೆ. ರಾತ್ರಿಯೆಲ್ಲಾ ಚಾರ್ಜ್‌ಗೆ ಹಾಕಿದ ಬ್ಯಾಟರಿ ಬೆಳಿಗ್ಗೆ ತುಂಬಿರುತ್ತೆ, ಮೊದಲು ಸಿಗೋದೇ ಇಳಿಜಾರು. ತುಂಬಿದ ಬ್ಯಾಟರಿಗೆ ಇನ್ನೂ ತುಂಬೋಕಾಗಲ್ಲ, ಮೋಟಾರ್ ಬ್ರೇಕ್ ಅಲ್ಲೇ ಕೈ ಬಿಡುತ್ತೆ. ಬೇಕಾದ ಹೊತ್ತಿಗೆ ಇಲ್ಲದ ಬ್ರೇಕನ್ನ ನಂಬಿ 50 ಕೆಜಿ ಕಟ್ಟಿಕೊಂಡು ಇಳಿಯೋಕಾಗಲ್ಲ.

ಚಕ್ರ ಚಿಕ್ಕದಾದಷ್ಟೂ ಹಬ್ ಮೋಟಾರಿಗೆ ಒಳ್ಳೇದು. 28 ಇಂಚಿನ ಚಕ್ರದಲ್ಲಿರೋ ಅದೇ ಮೋಟಾರನ್ನ 20 ಇಂಚಿನ ಚಕ್ರದಲ್ಲಿ ಕೂರಿಸಿದ್ರೆ, ಅದೇ ಕರೆಂಟಿಗೆ ನೆಲದ ಮೇಲೆ ಬೀಳೋ ತಳ್ಳುಬಲ 40 ಪರ್ಸೆಂಟ್ ಜಾಸ್ತಿ. ಹೊಸದಾಗಿ ಲೋಡ್ ಸೈಕಲ್ ಕಟ್ಟಿಸೋರು 20 ಇಂಚೇ ಹಾಕಿಸಿ. ಹಳೇ ಸೈಕಲ್ಲೇ ಇರ್ಲಿ ಅನ್ನೋರು, ಡಿಸ್ಕ್ ಹಾಕಿಸಿದ್ಮೇಲೆ ರಿಮ್ ಅಳತೆಯ ಹಂಗಿರಲ್ಲ, 26ಕ್ಕೆ ಇಳಿಬಹುದು. ಕಡ್ಡಿ ದಪ್ಪದ್ದೇ ಹಾಕಿಸಿ, ಸ್ವಲ್ಪ ದಿನ ಓಡಿಸಿದ್ಮೇಲೆ ಒಮ್ಮೆ ಬಿಗಿ ಮಾಡಿಸಿ. ಮೋಟಾರ್ ಹಿಂದಿನ ಚಕ್ರಕ್ಕೇ ಇರಲಿ: ಹಿಂದೆ ಚೀಲ ಇಟ್ಟು ಏರು ಹತ್ತುವಾಗ ಮುಂದಿನ ಚಕ್ರ ಹಗುರಾಗುತ್ತೆ, ತೋಟದ ಕೆಸರಿನಲ್ಲಿ ಅಲ್ಲಿರೋ ಮೋಟಾರ್ ಸುಮ್ಮನೆ ಗಿರ್ರ್ ಅಂತ ತಿರುಗುತ್ತೆ. ಇನ್ನು, ಮುಂದೆ 44 ಹಲ್ಲು ಹಿಂದೆ 18 ಹಲ್ಲು ಇದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ ಎರಡೂವರೆ ಸುತ್ತಿನ ಹತ್ತಿರ ಓಡುತ್ತೆ. ಏರಿನಲ್ಲಿ ಅದನ್ನ ತುಳಿಯೋಕಾಗಲ್ಲ. ಹಿಂದಿನ ಫ್ರೀವೀಲ್, ಅಂದ್ರೆ ಚೈನ್ ಕೂರೋ ಹಲ್ಲಿನ ಚಕ್ರ, ದೊಡ್ಡದು ಮಾಡಿಸಿ. ಕಾಲು ತುಳಿದಷ್ಟೂ ಮೋಟಾರ್ ತಣ್ಣಗಿರುತ್ತೆ.

ಈಗ ಸೈಕಲ್ ತಲೆಕೆಳಗೆ ನಿಲ್ಲಿಸಿ, ಆಕ್ಸಲ್‌ನ ಹತ್ತಿರದಿಂದ ನೋಡಿ. ಇದನ್ನ ಕ್ಯಾಮೆರಾಗೆ ತೋರಿಸ್ತೀನಿ. ಹಬ್ ಮೋಟಾರಿನ ಆಕ್ಸಲ್ ಪೂರ್ತಿ ದುಂಡಗಿರಲ್ಲ, ಎರಡು ಬದಿ ಚಪ್ಪಟೆ ಮಾಡಿರ್ತಾರೆ. ಮೋಟಾರ್ ಚಕ್ರವನ್ನ ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಅಷ್ಟೇ ಬಲದಿಂದ ಹಿಂದಕ್ಕೆ ತಿರುಗೋಕೆ ನೋಡುತ್ತೆ. ಅದನ್ನ ತಡೆಯೋದು ಫ್ರೇಮಿನ ಈ ಸೀಳು, ಈ ಸಣ್ಣ ಚಪ್ಪಟೆ ಜಾಗ, ಅಷ್ಟೇ. ಗುಂಡಿಗೆ ಬಿದ್ದು ಎದ್ದು ನಟ್ ಸಡಿಲ ಆಯ್ತು ಅನ್ನಿ, ಏರಿನಲ್ಲಿ ಥ್ರಾಟಲ್ ಕೊಟ್ಟ ಕೂಡಲೇ ಆಕ್ಸಲ್ ಸೀಳನ್ನ ಅಗಲ ಮಾಡ್ಕೊಂಡು ತಿರುಗಿಬಿಡುತ್ತೆ. ಮೋಟಾರಿನ ವೈರ್ ಬರೋದೂ ಆಕ್ಸಲ್ ಒಳಗಿಂದಲೇ, ಅದು ಹುರಿಯಾಗಿ ಕಿತ್ತು ಬರುತ್ತೆ. ಚಕ್ರವೇ ಕಳಚಬಹುದು. ಇದಕ್ಕೆ ಬೇಕಾಗಿರೋದು ಟಾರ್ಕ್ ಆರ್ಮ್ ಅನ್ನೋ ಒಂದು ದಪ್ಪ ಉಕ್ಕಿನ ಪಟ್ಟಿ. ಆಕ್ಸಲ್‌ನ ಆ ಚಪ್ಪಟೆಗೆ ಸ್ಪ್ಯಾನರ್ ಸಿಕ್ಕಿಸಿ, ಅದರ ಹಿಡಿಯನ್ನ ಫ್ರೇಮಿಗೆ ಬಿಗಿದು ಕಟ್ಟಿದ ಹಾಗೆ. ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಬಹುದು, ಆದ್ರೆ ತೂತು ಆಕ್ಸಲ್‌ಗೆ ಬಿಗಿಯಾಗಿ ಕೂರ್ಬೇಕು, ಆಟ ಇರಬಾರದು. ಇದಿಲ್ಲದೆ ಮೋಟಾರ್ ಕೂರಿಸಿಕೊಡೋರ ಹತ್ತಿರ ಕೆಲಸ ಕೊಡಬೇಡಿ.

ಮಳೆ ಬಗ್ಗೆ ಎರಡು ಮಾತು. ಏರು ಹತ್ತಿ ಬಿಸಿಯಾದ ಮೋಟಾರ್ ಮಳೆಯಲ್ಲಿ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗುತ್ತೆ, ಹೊರಗಿನ ತೇವವನ್ನ ಒಳಕ್ಕೆ ಎಳ್ಕೊಳ್ಳುತ್ತೆ. ವೈರ್ ಗುಂಟ ನೀರು ಇಳಿದು ಆಕ್ಸಲ್ ಒಳಗೆ ಹೋಗೋದೂ ಇದೆ. ವೈರನ್ನ ಆಕ್ಸಲ್‌ಗಿಂತ ಕೆಳಗೆ ಒಂದು ಬಾಗು ಕೊಟ್ಟು ಕಟ್ಟಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತೆ. ಒಂದು ಪೈಸೆ ಖರ್ಚಿಲ್ಲ. ಇನ್ನೊಂದು, ಇದನ್ನ ದಯವಿಟ್ಟು ಮನೆಯವರಿಗೆಲ್ಲ ಹೇಳಿ: ಮಳೆಗಾಲದಲ್ಲಿ ನಾವು ಎಲ್ಲವನ್ನೂ ಒಲೆ ಮೇಲಿನ ಅಟ್ಟದಲ್ಲಿಟ್ಟು ಒಣಗಿಸ್ತೀವಲ್ಲ, ನೆನೆದ ಲಿಥಿಯಂ ಬ್ಯಾಟರಿಯನ್ನ ಅಲ್ಲಿ ಇಡಲೇಬಾರದು. ನೀರು ಒಳಗೆ ಹೋಗಿದೆ ಅನ್ನೋ ಅನುಮಾನ ಬಂದ್ರೆ ಚಾರ್ಜ್‌ಗೂ ಹಾಕ್ಬೇಡಿ, ಮನೆಯಿಂದ ಹೊರಗೆ ಇಟ್ಟು ಗೊತ್ತಿರೋರಿಗೆ ತೋರಿಸಿ. ಕೊಳ್ಳುವಾಗ ಸಾಧ್ಯವಾದ್ರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ತಗೊಳ್ಳಿ. ತೂಕ ಸ್ವಲ್ಪ ಜಾಸ್ತಿ, ಆದ್ರೆ ಬಾಳಿಕೆ ಹೆಚ್ಚು, ಬೆಂಕಿ ಹತ್ತೋ ಅಪಾಯ ಕಡಿಮೆ.

"1000 ವ್ಯಾಟ್ ಕಿಟ್ಟೂ ಸಿಗುತ್ತಲ್ಲ?" ಸಿಗುತ್ತೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ 250 ವ್ಯಾಟ್ ಒಳಗೆ, ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ರೆ ಮಾತ್ರ ಅದು ಮೋಟಾರು ವಾಹನ ಅಲ್ಲ, ನೋಂದಣಿ, ಲೈಸೆನ್ಸ್ ಏನೂ ಬೇಡ. ಅದರಾಚೆ ಹೋದ್ರೆ ಕಾನೂನಿನ ಕಣ್ಣಿಗೆ ಅದೊಂದು ಬೈಕು. ನಾಳೆ ಯಾರಿಗಾದ್ರೂ ಗುದ್ದಿದ್ರೆ ನಿಮ್ಮ ಕೈಯಲ್ಲಿ ಆರ್‌ಸಿನೂ ಇಲ್ಲ, ವಿಮೆನೂ ಇಲ್ಲ. ಆ ವೇಗಕ್ಕೆ ಸೈಕಲ್ ಫ್ರೇಮೂ ಮಾಡಿದ್ದಲ್ಲ.

ಕುಶಾಲನಗರ, ಕೂಡಿಗೆ, ಹೆಬ್ಬಾಲೆ ಕಡೆಯವರಿಗೆ ಇಷ್ಟೆಲ್ಲ ಕಟ್ಟುನಿಟ್ಟು ಬೇಡ. ಅಲ್ಲಿ ನೆಲ ಮಟ್ಟಸ, ಸಾಧಾರಣ ಸೈಕಲ್ಲಿಗೂ ಈ ಮೋಟಾರ್ ಆರಾಮಾಗಿ ಹೊಂದುತ್ತೆ. ಹಾಗಂತ ಅಲ್ಲಿಂದ ಮಡಿಕೇರಿಗೆ ದಿನಾ ಲೋಡ್ ತರ್ತೀನಿ ಅಂದ್ರೆ ನಾನು ಬೇಡ ಅಂತೀನಿ. ಸುಮಾರು 300 ಮೀಟರ್ ಮೇಲೇರ್ಬೇಕು, ಲಾರಿ ಬಸ್ಸಿನ ಜೊತೆ ಹೆದ್ದಾರಿಯಲ್ಲಿ. ಇದು ನಾಲ್ಕೈದು ಕಿಲೋಮೀಟರಿನ ಗಾಡಿ: ತೋಟದ ಕೆಲಸದವರ ಲೈನ್‌ಮನೆಯಿಂದ ರೇಷನ್ ಅಂಗಡಿಗೆ, ತೋಟದಿಂದ ಮೇನ್ ರೋಡಿಗೆ, ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ. ಸಿದ್ದಾಪುರ, ತಿತಿಮತಿ ಕಡೆಯವರು ಬೆಳಕು ಹರಿಯೋ ಮುಂಚೆ ಹೊರಡಲೇಬೇಡಿ. ಮೋಟಾರ್ ಸದ್ದು ಮಾಡಲ್ಲ, ನೀವು ಬರೋದು ಆನೆಗೂ ಗೊತ್ತಾಗಲ್ಲ.

"ಇಷ್ಟೆಲ್ಲಾ ಯಾಕೆ ಮಾರಾಯ, ಒಂದು ಸ್ಕೂಟರ್ ತಗೊಂಡ್ರಾಯ್ತು" ಅನ್ನೋರಿದ್ದಾರೆ. ಸ್ಕೂಟರ್ ತಗೊಳ್ಳೋ ಶಕ್ತಿ ಇರೋರಿಗೆ ನಾನು ಈ ವಿಡಿಯೋ ಮಾಡ್ತಿಲ್ಲ. ತಲೆ ಮೇಲೆ ಅಕ್ಕಿ ಮೂಟೆ ಹೊತ್ತು ಏರು ಹತ್ತೋ ಅಕ್ಕಂದಿರು ಇದ್ದಾರೆ, ಲೈಸೆನ್ಸೂ ಇಲ್ಲ, ಕಂತು ಕಟ್ಟೋಕೂ ಆಗಲ್ಲ. ಅರ್ಧ ಯೂನಿಟ್ ಕರೆಂಟಿನಲ್ಲಿ ಅವರ ದಿನದ ಹೊರೆ ಇಳಿಸಬಹುದು. ಹೊತ್ತ ಹೊರೆ ಇಳಿಸೋ ಗಾಡಿ ಅವರನ್ನ ಬೀಳಿಸಬಾರದು, ನನ್ನ ಹಠ ಇಷ್ಟೇ.

ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಸಿಐಟಿ (ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ), ಎರಡೂ ಕಡೆಯ ಮೆಕ್ಯಾನಿಕಲ್ ಹುಡುಗ ಹುಡುಗಿಯರಿಗೆ ಒಂದು ಬೇಡಿಕೆ. ಕೊನೇ ವರ್ಷದ ಪ್ರಾಜೆಕ್ಟಿಗೆ ಒಂದು ಜಿಗ್ ಮಾಡಿ, ಅಂದ್ರೆ ಬೆಸೆಯೋ ಭಾಗವನ್ನ ಸರಿಯಾದ ಜಾಗದಲ್ಲಿ ಹಿಡಿದಿಡೋ ಚೌಕಟ್ಟು. ಹಳೇ ಕಪ್ಪು ಸೈಕಲ್ಲಿನ ಹಿಂದಿನ ಫ್ರೇಮಿಗೆ ಅದನ್ನ ಕ್ಲಾಂಪ್ ಮಾಡಿದ್ರೆ, ಡಿಸ್ಕನ್ನ ಒತ್ತಿ ಹಿಡಿಯೋ ಕ್ಯಾಲಿಪರ್ ಕೂರೋ ಪ್ಲೇಟನ್ನೂ ಟಾರ್ಕ್ ಆರ್ಮ್ ಪಟ್ಟಿಯನ್ನೂ ಯಾವ ಊರಿನ ವೆಲ್ಡರ್ ಬೇಕಾದ್ರೂ ನೇರವಾಗಿ, ಒಂದು ಮಿಲಿಮೀಟರ್ ಆಚೀಚೆ ಆಗದ ಹಾಗೆ ಬೆಸೀಬೇಕು. ಡ್ರಾಯಿಂಗನ್ನ ಕನ್ನಡದಲ್ಲಿ ಅಳತೆ ಬರೆದು ಎಲ್ಲರಿಗೂ ಕೊಡಿ. ನಾಪೋಕ್ಲಿನ ವೆಲ್ಡಿಂಗ್ ಶಾಪಿನಲ್ಲಿ, ಸೋಮವಾರಪೇಟೆಯ ಸೈಕಲ್ ಶಾಪಿನಲ್ಲಿ ಆ ಜಿಗ್ ಗೋಡೆಗೆ ನೇತಾಕಿರೋದನ್ನ ನಾನು ನೋಡ್ಬೇಕು.