ಉಪ್ಪುಸೊಳೆಯ ಭರಣಿಯೂ ನಾರ್ಮಲ್ ರಿಪೋರ್ಟೂ

ನಮಸ್ಕಾರ. ನಮ್ಮ ಕಾಸರಗೋಡಿನ ಕಡೆ ಆಟಿ ತಿಂಗಳ ಮಳೆ ಹಿಡಿದರೆ ಉಪ್ಪುಸೊಳೆಯ ಭರಣಿಯ ಬಾಯಿ ಬಿಚ್ಚುತ್ತಾರೆ. ಬೇಸಿಗೆಯಲ್ಲಿ ಹಲಸಿನ ಸೊಳೆಗೆ ಉಪ್ಪು ಹಾಕಿ ತುಂಬಿಟ್ಟದ್ದು. ನೀರಲ್ಲಿ ನೆನೆಸಿ, ಹಿಂಡಿ, ರೊಟ್ಟಿ ತಟ್ಟುತ್ತಾರೆ. ಎಷ್ಟು ಹಿಂಡಿದರೂ ಉಪ್ಪು ಪೂರ್ತಿ ಬಿಡುವುದಿಲ್ಲ.

ನನ್ನ ಮಾವನ ಕಿಡ್ನಿ ಅರ್ಧಕ್ಕಿಂತ ಜಾಸ್ತಿ ಸೋತಿದೆ. ಗಂಜಿಗೆ ಉಪ್ಪು ಹಾಕುವುದನ್ನು ಬಿಟ್ಟರು. ಬದಿಯಲ್ಲಿ ಮಿಡಿ ಉಪ್ಪಿನಕಾಯಿ ಮಾತ್ರ ಹಾಗೇ ಇತ್ತು. ಕಾಲು ಬಾತಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು, ನಿಧಾನಕ್ಕೆ ತುಂಬುತ್ತಿತ್ತು. ನಾನು ಗೊಣಗಿದೆ. ರಿಪೋರ್ಟ್ ಮುಂದೆ ಹಿಡಿದರು: "ನೋಡು ಮಾರಾಯ, ಸೋಡಿಯಂ ನಾರ್ಮಲ್ ಉಂಟು!"

ರಿಪೋರ್ಟ್ ಸುಳ್ಳಲ್ಲ. ಆದರೆ ಅದು ಹೇಳುವುದು ರಕ್ತದಲ್ಲಿ ಸೋಡಿಯಂ ಯಾವ ಹದದಲ್ಲಿದೆ ಅಂತ ಮಾತ್ರ. ಮೈಯಲ್ಲಿ ಒಟ್ಟು ಎಷ್ಟು ಕೂತಿದೆ ಅಂತ ಅಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಹೊಯ್ಯುತ್ತೇವೆ ಅಲ್ವಾ? ರುಚಿ ಸರಿಯಾಗುತ್ತದೆ, ಪಾತ್ರೆ ತುಂಬಿ ತುಳುಕುತ್ತದೆ. ದೇಹ ಮಾಡುವುದೂ ಅದನ್ನೇ. ಗಟ್ಟಿ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಬಹುಪಾಲನ್ನು ವಾಪಸ್ ಎಳೆದುಕೊಂಡು, ಬೇಡದ ಉಪ್ಪನ್ನು ಮೂತ್ರದಲ್ಲಿ ಕಳಿಸುತ್ತವೆ. ಸೋತ ಕಿಡ್ನಿಗೆ ಅದು ಪೂರೈಸುವುದಿಲ್ಲ. ಉಳಿದ ಉಪ್ಪು ಬಾಯಾರಿಕೆ ಎಬ್ಬಿಸುತ್ತದೆ, ನೀರನ್ನು ಹಿಡಿದಿಡುತ್ತದೆ, ಬಿಪಿ ಏರಿಸುತ್ತದೆ. ಆ ಬಿಪಿ ಮತ್ತೆ ಕಿಡ್ನಿಯನ್ನೇ ಕೆಡಿಸುತ್ತದೆ.

ಅಷ್ಟರಲ್ಲಿ ಅತ್ತೆ ಒಳ್ಳೆಯದೆಂದು ಲೋ ಸೋಡಿಯಂ ಉಪ್ಪು ತಂದರು. ಪ್ಯಾಕೆಟ್ಟಿನ ಹಿಂದೆ ನೋಡಿದರೆ ಪೊಟ್ಯಾಸಿಯಂ ಕ್ಲೋರೈಡ್! ಸೋತ ಕಿಡ್ನಿ ಅದನ್ನೂ ಸರಿಯಾಗಿ ಹೊರಹಾಕಲಾರದು. ರಕ್ತದಲ್ಲಿ ಅದು ತುಂಬಾ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಬೊಂಡದ ನೀರಲ್ಲೂ, ಅಂದರೆ ಎಳನೀರಲ್ಲೂ, ಪೊಟ್ಯಾಸಿಯಂ ಧಾರಾಳ. ಡಾಕ್ಟರನ್ನು ಕೇಳದೆ ಇವೆರಡೂ ಬೇಡ.

ಇದೆಲ್ಲ ಆಸ್ಪತ್ರೆಯ ಚೀಟಿಯಲ್ಲಿ ಇತ್ತು. ಮಲಯಾಳದಲ್ಲಿ! ಮಾವ ಓದಿದ್ದು ಕನ್ನಡ ಶಾಲೆಯಲ್ಲಿ. ನರ್ಸ್ ಬಾಯಲ್ಲಿ ಹೇಳಿದ್ದರಲ್ಲಿ ಅವರಿಗೆ ಹೊಳೆದದ್ದು 'ಉಪ್ಪು' ಒಂದೇ, ಅದು ಎರಡೂ ಭಾಷೆಯಲ್ಲಿ ಉಪ್ಪೇ ನೋಡಿ. ನನಗೆ ಸಿಟ್ಟು ಬರುವುದು ಇಲ್ಲಿ. ಇಷ್ಟು ಜನ ಕನ್ನಡದವರಿರುವ ಊರಲ್ಲಿ ಒಂದು ಕನ್ನಡದ ಚೀಟಿ ಕೊಡಲು ಏನು ಕಷ್ಟ? ಅದರಲ್ಲೂ ಸುಮ್ನೆ 'ಉಪ್ಪು ಕಡಿಮೆ ಮಾಡಿ' ಅಂದರೆ ಸಾಲದು. ಉಪ್ಪುಸೊಳೆ, ಮಿಡಿ, ಒಣಮೀನು ಅಂತ ಹೆಸರು ಹಿಡಿದೇ ಬರೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಒಂದು ಟೀ ಚಮಚಕ್ಕೂ ಕಮ್ಮಿ. ಉಪ್ಪಿನಕಾಯಿಯದ್ದೂ ಆ ಲೆಕ್ಕದಲ್ಲೇ ಬಂತು.

ಕೊನೆಗೆ ನಾನೇ ಕನ್ನಡದಲ್ಲಿ ಬರೆದು ಭರಣಿಯ ಮುಚ್ಚಳಕ್ಕೆ ಅಂಟಿಸಿದೆ. ಮಾವ ಕನ್ನಡಕ ಹಾಕಿ ಎರಡು ಸಲ ಓದಿದರು. "ಹಪ್ಪಳ ಬರೆದಿಲ್ಲ ನೀನು," ಅಂದರು, ಖುಷಿಯಲ್ಲಿ.