ಕೊಳದೊಳಗಿನ ಪರದೇಶಿ

ಕೇಳುಗರಿಗೆ ನಮಸ್ಕಾರ.

ಕನ್ನಡದಲ್ಲಿ ಪರದೇಶಿ ಎಂಬ ಮಾತಿಗೆ ಎರಡು ಅರ್ಥಗಳಿವೆ. ಹೊರನಾಡಿನಿಂದ ಬಂದವನು ಎಂಬುದು ಒಂದು; ಹೇಳುವವರು ಕೇಳುವವರು ಯಾರೂ ಇಲ್ಲದವನು ಎಂಬುದು ಇನ್ನೊಂದು. ಈ ಹೊತ್ತು ನಾನು ಪರಿಚಯಿಸಲಿರುವ ಪ್ರಾಣಿಗೆ ಈ ಎರಡೂ ಅರ್ಥಗಳು ಸಲ್ಲುತ್ತವೆ. ಅದು ಜಪಾನಿನ ಪೋಕೆಮಾನ್ ಎಂಬ ವಿಡಿಯೋ ಆಟಗಳ ಮಾಲಿಕೆಯಲ್ಲಿ ಬರುವ, ಕೆಂಪು ಚಿಪ್ಪಿನ, ಎರಡು ದೊಡ್ಡ ಇಕ್ಕಳಗಳ ಕಲ್ಪಿತ ಜೀವಿ. ಚಿಕ್ಕದಾಗಿರುವಾಗ ಅದರ ಹೆಸರು ಕಾರ್ಫಿಶ್, ಬೆಳೆದ ಮೇಲೆ ಕ್ರಾಡಾಂಟ್. ಮನೆಯಲ್ಲಿ ಮಕ್ಕಳಿರುವವರು ಈ ಹೆಸರುಗಳನ್ನು ಎಂದಾದರೂ ಕೇಳಿರಬಹುದು. ಕೇಳದಿದ್ದವರಿಗೂ ಇದರ ಕಥೆ ಅರ್ಥವಾಗುತ್ತದೆ, ಏಕೆಂದರೆ ಅದು ಗದ್ದೆ, ಕೊಳ ಮತ್ತು ಕಾಲುವೆಗಳ ಕಥೆ.

ಮೊದಲು ಆಟದ ವಿಷಯ ಎರಡು ಮಾತು. ಬಾಲ್ಯದಲ್ಲಿ ಟೋಕಿಯೋದ ಅಂಚಿನ ಊರೊಂದರಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುತ್ತಿದ್ದ ಸತೋಶಿ ತಾಜಿರಿ ಎಂಬವರು, ಆ ಹುಡುಕಾಟದ ಸುಖವನ್ನು ಅಂಗೈಯಗಲದ ಯಂತ್ರದೊಳಗೆ ತರಬೇಕೆಂದು ರೂಪಿಸಿದ ಆಟವಿದು. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಹೊರಬಂದ ಮೊದಲ ಆಟಗಳಲ್ಲಿ 151 ಜೀವಿಗಳಿದ್ದವು. ಆಡುವವನು ಊರೂರು ತಿರುಗಿ, ಹುಲ್ಲಿನಲ್ಲಿ, ಗುಹೆಯಲ್ಲಿ, ನೀರಿನಲ್ಲಿ ಅವುಗಳನ್ನು ಹಿಡಿಯಬೇಕು, ಪಳಗಿಸಬೇಕು, ಬೇರೆಯವರ ಜೀವಿಗಳೊಡನೆ ಕಾದಾಡಿಸಬೇಕು. ಹಿಡಿದ ಪ್ರತಿಯೊಂದು ಜೀವಿಯ ಬಗ್ಗೆಯೂ ಪೋಕೆಡೆಕ್ಸ್ ಎಂಬ ಕೈಪಿಡಿಯಲ್ಲಿ ಎರಡು ಮೂರು ಸಾಲುಗಳ ವಿವರಣೆ ತೆರೆದುಕೊಳ್ಳುತ್ತದೆ. ಕಾದಾಟದ ಗದ್ದಲದಲ್ಲಿ ಮಕ್ಕಳು ಈ ಸಾಲುಗಳನ್ನು ಓದದೆ ದಾಟಿಬಿಡುವುದೇ ಹೆಚ್ಚು. ನನ್ನ ಮಟ್ಟಿಗೆ ಆಟದ ಅತ್ಯಂತ ಜಾಣ ಬರವಣಿಗೆ ಇರುವುದು ಅಲ್ಲಿಯೇ.

ಇಕ್ಕಳವಿರುವ ಜೀವಿಗಳು ಮೊದಲ ಆಟದಲ್ಲಿಯೇ ಇದ್ದವು. ಕ್ರ್ಯಾಬಿ ಎಂಬ ಕಡಲಂಚಿನ ಏಡಿ ಬೆಳೆದು ಕಿಂಗ್ಲರ್ ಆಗುತ್ತದೆ. ಕಿಂಗ್ಲರ್‌ನ ಒಂದು ಇಕ್ಕಳ ಇನ್ನೊಂದಕ್ಕಿಂತ ವಿಪರೀತ ದೊಡ್ಡದು. ಆ ಇಕ್ಕಳಕ್ಕೆ ಹತ್ತು ಸಾವಿರ ಅಶ್ವಶಕ್ತಿಯಿದೆ, ಆದರೆ ಅದರ ಭಾರಕ್ಕೆ ಗುರಿ ಹಿಡಿಯುವುದೇ ಕಷ್ಟ ಎಂದು ಕೈಪಿಡಿ ಹೇಳುತ್ತದೆ. ನಮ್ಮ ಕರಾವಳಿಯ ಅಳಿವೆಗಳ ಕೆಸರಿನಲ್ಲಿ ಒಂದೇ ಇಕ್ಕಳವನ್ನು ಪಿಟೀಲು ನುಡಿಸುವವರಂತೆ ಆಡಿಸುವ ಸಣ್ಣ ಏಡಿಗಳನ್ನು ಕಂಡವರಿಗೆ ಈ ಕಲ್ಪನೆಯ ಮೂಲ ಹೇಳಿಕೊಡಬೇಕಾಗಿಲ್ಲ. ಕಿಂಗ್ಲರ್ ಬರಿಯ ಬಲಶಾಲಿ. ಅದಕ್ಕೆ ಹಿಂದಿನ ಕಥೆಯಿಲ್ಲ, ಅದು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ಕಾರ್ಫಿಶ್‌ನ ಸಂಗತಿ ಹಾಗಲ್ಲ. 2002ರ ನವೆಂಬರ್ 21ರಂದು ಜಪಾನಿನಲ್ಲಿ ಬಿಡುಗಡೆಯಾದ ರೂಬಿ ಮತ್ತು ಸಫೈರ್ ಎಂಬ ಜೋಡಿ ಆಟಗಳಲ್ಲಿ 135 ಹೊಸ ಜೀವಿಗಳು ಸೇರಿದಾಗ, 341ನೆಯ ಕ್ರಮಸಂಖ್ಯೆಯಲ್ಲಿ ಕಾರ್ಫಿಶ್ ಮತ್ತು 342ರಲ್ಲಿ ಕ್ರಾಡಾಂಟ್ ಕಾಣಿಸಿಕೊಂಡವು. ಈ ಆಟಗಳ ನೆಲಕ್ಕೆ ಹೋಯೆನ್ ಎಂದು ಹೆಸರು. ಜಪಾನಿನ ದಕ್ಷಿಣದ ಕ್ಯೂಶೂ ದ್ವೀಪವನ್ನು ನೋಡಿ ಹೆಣೆದ ನಾಡು ಅದು. ಗಾಳ ಹಾಕಿ ಕೂತರೆ ಅಲ್ಲಿನ ಕೊಳಗಳಲ್ಲಿ ಕಾರ್ಫಿಶ್ ಸಿಗುತ್ತದೆ. ಸಿಕ್ಕ ಮೇಲೆ ಕೈಪಿಡಿ ತೆರೆದರೆ ಬರುವ ವಿವರಣೆಯ ಸಾರಾಂಶ ಇದು: ಈ ಜೀವಿ ಮೂಲತಃ ಪರದೇಶದ್ದು, ಸಾಕುವುದಕ್ಕೆಂದು ತರಿಸಿಕೊಂಡದ್ದು, ಬರುಬರುತ್ತ ಬಯಲಿನಲ್ಲಿ ಕಾಣಿಸಿಕೊಂಡಿತು, ಬಹಳ ಗಟ್ಟಿ ಪಿಂಡವಾದ್ದರಿಂದ ಸಂಖ್ಯೆ ಏರುತ್ತಲೇ ಹೋಯಿತು. ಜೊತೆಯ ಆಟದ ವಿವರಣೆ ಇನ್ನೊಂದು ಎಳೆಯನ್ನು ಸೇರಿಸುತ್ತದೆ: ಇದು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಹೊಲಸು ನೀರಿನಲ್ಲಿಯೂ ನಿರಾತಂಕವಾಗಿ ಬದುಕುತ್ತದೆ.

ಮಾಂತ್ರಿಕ ಶಕ್ತಿಗಳು, ಪುರಾಣದ ಪಕ್ಷಿಗಳು, ಬೆಂಕಿ ಉಗುಳುವ ಹಲ್ಲಿಗಳ ನಡುವೆ ಇಂಥ ಪುಟವೊಂದು ಎಲ್ಲಿಂದ ಬಂತು? ಇದಕ್ಕೆ ಉತ್ತರ ಇರುವುದು ಜಪಾನಿನ ಗದ್ದೆಗಳಲ್ಲಿ.

ಕ್ರಾಡಾಂಟ್‌ನ ಜಪಾನೀ ಹೆಸರು ಶಿಝಾರಿಗಾ. ಆ ಹೆಸರಿನೊಳಗೆ ಝಾರಿಗಾನಿ ಎಂಬ ಪದ ಅಡಗಿ ಕೂತಿದೆ. ಝಾರಿಗಾನಿ ಎಂದರೆ ಕ್ರೇಫಿಶ್. ಭಾರತದ ಹೊಳೆಗಳಲ್ಲಿ ಸಹಜವಾಗಿ ಹುಟ್ಟಿ ಬೆಳೆದ ಕ್ರೇಫಿಶ್ ಇಲ್ಲವಾದ್ದರಿಂದ ಕನ್ನಡದಲ್ಲಿ ಅದಕ್ಕೆ ಹೆಸರಿಲ್ಲ. ಸೀಗಡಿಯ ಉದ್ದ ಮೈಗೆ ಏಡಿಯ ಇಕ್ಕಳಗಳನ್ನು ಜೋಡಿಸಿದಂತೆ ಊಹಿಸಿಕೊಂಡರೆ ಆಕಾರ ಕಣ್ಣಿಗೆ ಕಟ್ಟುತ್ತದೆ. ಜಪಾನಿಗೆ ತನ್ನದೇ ಆದ ಒಂದು ಕ್ರೇಫಿಶ್ ಇದೆ, ಆದರೆ ಅದು ಹೊಕ್ಕೈಡೋ ದ್ವೀಪ ಮತ್ತು ಹೋನ್ಶೂ ದ್ವೀಪದ ಉತ್ತರ ತುದಿಯ ತಣ್ಣನೆಯ ತೊರೆಗಳಿಗೆ ಸೀಮಿತವಾದ, ಕಂದು ಬಣ್ಣದ, ಸಂಕೋಚದ ಜೀವಿ. ದೇಶದುದ್ದಕ್ಕೂ ಗದ್ದೆ ಕಾಲುವೆಗಳಲ್ಲಿ ಮಕ್ಕಳ ಕೈಗೆ ಸಿಗುವ ಕೆಂಪು ಕ್ರೇಫಿಶ್ ಅಮೆರಿಕದ ದಕ್ಷಿಣದ ರಾಜ್ಯಗಳದ್ದು, ಲೂಸಿಯಾನಾದ ಜೌಗು ನೆಲದ್ದು.

ಅದು ಬಂದ ಬಗೆ ಸ್ವಾರಸ್ಯಕರವಾಗಿದೆ. ತಿನ್ನುವುದಕ್ಕೆಂದು ಜಪಾನಿನವರು 1918ರಲ್ಲಿ ಅಮೆರಿಕದಿಂದ ದೊಡ್ಡ ಜಾತಿಯ ಕಪ್ಪೆಗಳನ್ನು ತರಿಸಿ ಸಾಕತೊಡಗಿದರು. ಕಪ್ಪೆಗಳಿಗೆ ಮೇವು ಬೇಕಲ್ಲ. ಆ ಮೇವಿಗಾಗಿ 1927ರಲ್ಲಿ ಟೋಕಿಯೋದ ಸಮೀಪದ ಕಾಮಾಕುರಾದ ಕಪ್ಪೆ ಸಾಕಣೆಗೆ ಅದೇ ಅಮೆರಿಕದಿಂದ ಕ್ರೇಫಿಶ್‌ಗಳು ಬಂದವು. ಹಡಗಿನ ಪಯಣದಲ್ಲಿ ಬದುಕುಳಿದು ದಡ ಮುಟ್ಟಿದವು ಸುಮಾರು 20 ಎಂದು ಹೇಳುತ್ತಾರೆ. ಊಟವಾಗಬೇಕಾಗಿದ್ದ ಆ ಪ್ರಾಣಿಗಳು ಸಾಕಣೆ ಕೊಳದಿಂದ ಹೊರಬಿದ್ದು, ಗದ್ದೆಯಿಂದ ಗದ್ದೆಗೆ, ಮುಂದೆ ಮನುಷ್ಯರ ಬಕೆಟ್ಟುಗಳಲ್ಲಿ ಊರಿಂದ ಊರಿಗೆ ದಾಟಿ, ಕೊನೆಗೆ ಓಕಿನಾವಾದಿಂದ ಹೊಕ್ಕೈಡೋವರೆಗೆ ಹರಡಿಕೊಂಡವು. ಒಣಗಿಸಿದ ಸ್ಕ್ವಿಡ್, ಎಂದರೆ ಬೊಂಡಾಸ್ ಮೀನಿನ ಚೂರನ್ನು ದಾರಕ್ಕೆ ಕಟ್ಟಿ ನೀರಿಗಿಳಿಬಿಟ್ಟು ಝಾರಿಗಾನಿ ಹಿಡಿಯುವುದು ಜಪಾನಿನ ಅನೇಕ ತಲೆಮಾರುಗಳ ಬೇಸಿಗೆ ರಜೆಯ ಆಟವಾಯಿತು. ಮೈಯೆಲ್ಲ ಕಡುಗೆಂಪಾದ ದೊಡ್ಡದೊಂದು ಸಿಕ್ಕರೆ ಮಕ್ಕಳು ಅದನ್ನು ಮಕ್ಕಾಚಿನ್ ಎಂದು ಕೂಗಿ ಕುಣಿಯುತ್ತಾರೆ. ಮಲೆನಾಡಿನ ಗದ್ದೆಯ ಅಂಚಿನಲ್ಲಿ ಬಿಲದೊಳಗೆ ಕೈಯಿಟ್ಟು ಏಡಿ ಹಿಡಿದು, ಬೆರಳು ಕಚ್ಚಿಸಿಕೊಂಡು ಅತ್ತ ನನ್ನಂಥವನಿಗೆ ಆ ಕುಣಿತದ ಅರ್ಥ ಚೆನ್ನಾಗಿಯೇ ಗೊತ್ತು.

ಹೀಗಾಗಿ 2002ರಲ್ಲಿ ಆಟವಾಡುತ್ತಿದ್ದ ಜಪಾನಿನ ಹುಡುಗನಿಗೆ ಕಾರ್ಫಿಶ್ ಅಪರಿಚಿತವಾಗಿರಲಿಲ್ಲ. ಅವನ ಮನೆಯ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಅದರ ದಾಯಾದಿ ಇದ್ದಿರಬಹುದು. ಹೊಸದಾಗಿದ್ದದ್ದು ಆ ಕೈಪಿಡಿಯ ಮಾತು: ನೀನು ನಮ್ಮೂರಿನದೆಂದು ತಿಳಿದ ಈ ಜೀವಿ ನಮ್ಮೂರಿನದಲ್ಲ, ಇದನ್ನು ಮನುಷ್ಯರು ತಂದರು, ಮನುಷ್ಯರ ಕೈ ತಪ್ಪಿಯೇ ಇದು ಇಲ್ಲಿಗೆ ಸೇರಿತು. ಆಟದವರು ಕಪ್ಪೆಯ ಮೇವನ್ನು ಸಾಕುಪ್ರಾಣಿಯಾಗಿ ಬದಲಿಸಿದರು, ಅಷ್ಟೇ ವ್ಯತ್ಯಾಸ. ಆ ಬದಲಾವಣೆಯಿಂದ ಕಥೆ ಆಟಗಾರನಿಗೆ ಇನ್ನಷ್ಟು ಹತ್ತಿರವಾಯಿತು, ಏಕೆಂದರೆ ಅವನೂ ಜೀವಿಗಳನ್ನು ಹಿಡಿದು ಸಾಕುವವನೇ.

ಮೂವತ್ತನೆಯ ಹಂತಕ್ಕೆ ಬಂದಾಗ ಕಾರ್ಫಿಶ್ ರೂಪಾಂತರಗೊಂಡು ಕ್ರಾಡಾಂಟ್ ಆಗುತ್ತದೆ. 60 ಸೆಂಟಿಮೀಟರಿನ ಜೀವಿ ಒಂದು ಮೀಟರು ದಾಟುತ್ತದೆ, ಹಣೆಯ ಮೇಲೆ ನಕ್ಷತ್ರವೊಂದು ಮೂಡುತ್ತದೆ, ಬರಿಯ ಜಲಜೀವಿಯಾಗಿದ್ದದ್ದು ಜಲ ಮತ್ತು ಕತ್ತಲು ಎಂಬ ಎರಡು ವರ್ಗಗಳಿಗೆ ಸೇರುತ್ತದೆ. ಇದು ಸದಾ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತದೆ, ಇದಿರುವ ಕೊಳದಲ್ಲಿ ಬೇರಾವ ಜೀವಿಯೂ ನೆಲೆಸಲೊಪ್ಪದೆ ಆ ಕೊಳ ಹಾಳು ಸುರಿಯುತ್ತದೆ ಎನ್ನುತ್ತದೆ ಕೈಪಿಡಿ. ಇದು ಉತ್ಪ್ರೇಕ್ಷೆಯೆಂದು ತೋರಬಹುದು, ಆದರೆ ಹೆಚ್ಚೇನೂ ಅಲ್ಲ. ನಿಜವಾದ ಕೆಂಪು ಕ್ರೇಫಿಶ್ ಕೊಳಕ್ಕಿಳಿದರೆ ನೀರೊಳಗಿನ ಗಿಡಗಳನ್ನು ತಿನ್ನುವುದಷ್ಟೇ ಅಲ್ಲ, ತಿನ್ನದಿದ್ದರೂ ಕತ್ತರಿಸಿ ಹಾಕುತ್ತದೆ. ಗಿಡಗಳು ಹೋದರೆ ಅವುಗಳ ಮರೆಯಲ್ಲಿ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಮರಿಗಳು, ಮೀನಿನ ಮರಿಗಳು, ಕಪ್ಪೆಯ ಗೊದಮೊಟ್ಟೆಗಳು ಒಂದೋ ಅದರ ಬಾಯಿಗೆ ಬೀಳುತ್ತವೆ, ಇಲ್ಲವೇ ನೆಲೆ ಕಳೆದುಕೊಳ್ಳುತ್ತವೆ. ಬೇರು ಹಿಡಿದಿಟ್ಟಿದ್ದ ಕೆಸರು ಕದಡಿ, ತಿಳಿಯಾಗಿದ್ದ ನೀರು ಮಣ್ಣುಬಣ್ಣಕ್ಕೆ ತಿರುಗುತ್ತದೆ. ಸಾಲದ್ದಕ್ಕೆ ಅದು ತೋಡುವ ಬಿಲಗಳಿಂದ ಗದ್ದೆಯ ಬದು ಸೋರುತ್ತದೆ. ಒಂದು ಹೆಣ್ಣು ಬಾಲದಡಿಯಲ್ಲಿ ನೂರಾರು ಮೊಟ್ಟೆಗಳನ್ನು ಹೊತ್ತು, ಮರಿಗಳು ತಾವೇ ಬದುಕುವಷ್ಟಾಗುವವರೆಗೆ ಕಾಯುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಇನ್ನೊಂದು ವಿವರಣೆ ನನಗೆ ಬಹಳ ಇಷ್ಟ. ಕ್ರಾಡಾಂಟ್ ಆಗಾಗ ಪೊರೆ ಕಳಚುತ್ತದೆ. ಕಳಚಿದ ಹೊಸತರಲ್ಲಿ ಅದರ ಮೈ ಮೆತ್ತಗಿರುತ್ತದೆ. ಚಿಪ್ಪು ಗಟ್ಟಿಯಾಗುವ ತನಕ ಅದು ವೈರಿಗಳಿಗೆ ಹೆದರಿ ಹೊಳೆಯ ತಳದ ಬಿಲದಲ್ಲಿ ಅಡಗಿರುತ್ತದೆ ಎನ್ನುತ್ತದೆ ಅದು. ಕೊಳವನ್ನೇ ನಡುಗಿಸುವ ರೌಡಿಗೂ ಅಡಗಿ ಕೂರುವ ದಿನಗಳಿವೆ! ಜೀವಶಾಸ್ತ್ರದ ಲೆಕ್ಕದಲ್ಲಿಯೂ ಇದು ಅಕ್ಷರಶಃ ಸರಿ. ಕ್ರೇಫಿಶ್ ಪೊರೆ ಬಿಡುವ ಮುನ್ನ ಹಳೆಯ ಚಿಪ್ಪಿನ ಸುಣ್ಣದಂಶವನ್ನು ಹೀರಿ, ಹೊಟ್ಟೆಯ ಗೋಡೆಯಲ್ಲಿ ಎರಡು ಪುಟ್ಟ ಬಿಳಿ ಗುಂಡಿಗಳಂತೆ ಕೂಡಿಟ್ಟುಕೊಳ್ಳುತ್ತದೆ. ಹೊಸ ಚಿಪ್ಪನ್ನು ಗಟ್ಟಿಮಾಡಿಕೊಳ್ಳುವಾಗ ಅದೇ ಉಳಿತಾಯ ಕೈಹಿಡಿಯುತ್ತದೆ. ಕಾದಾಟದಲ್ಲಿ ಮುರಿದುಹೋದ ಇಕ್ಕಳವೂ ಮುಂದಿನ ಪೊರೆಗಳಲ್ಲಿ ಮತ್ತೆ ಮೊಳೆತು ಬೆಳೆಯುತ್ತದೆ.

ಆಟದ ಕೈಪಿಡಿಯಲ್ಲಿ ಪ್ರತಿ ಜೀವಿಗೂ ಒಂದು ಬಿರುದಿದೆ. ಕಾರ್ಫಿಶ್‌ನದು ಪುಂಡ, ಕ್ರಾಡಾಂಟ್‌ನದು ದುಷ್ಟ ಎಂಬರ್ಥದ ಬಿರುದುಗಳು. ಟಿ.ವಿ. ಸರಣಿಯಲ್ಲಿ ಕಥಾನಾಯಕ ಆ್ಯಶ್ ಸಾಕಿಕೊಂಡ ಕಾರ್ಫಿಶ್ ಕೂಡ ಮುಂಗೋಪಿ, ತನ್ನ ಒಡೆಯ ಇನ್ನೊಂದನ್ನು ಮುದ್ದುಮಾಡಿದರೆ ಸಹಿಸದ ಹೊಟ್ಟೆಕಿಚ್ಚಿನವನು. ಇಲ್ಲಿ ನನಗೊಂದು ತಕರಾರಿದೆ. ತಂದವರು ಯಾರೆಂಬುದನ್ನು ಒಂದು ಸಾಲಿನಲ್ಲಿ ಒಪ್ಪಿಕೊಂಡ ಪುಟವೇ, ಬಿರುದಿನ ಜಾಗದಲ್ಲಿ ತಪ್ಪನ್ನೆಲ್ಲ ತರಿಸಿಕೊಂಡ ಪ್ರಾಣಿಯ ತಲೆಗೆ ಕಟ್ಟುತ್ತದೆ. ಕೆಸರಿನಲ್ಲಿ ಬದುಕಬಲ್ಲೆನೆಂಬುದು ಗುಣವೇ ಹೊರತು ಪುಂಡಾಟವಲ್ಲ.

ಈ ತಕರಾರಿಗೆ ಆಟದವರು ತಿಳಿದೋ ತಿಳಿಯದೆಯೋ ಒಂದು ಸಮಾಧಾನವನ್ನು ಮುಂದೆ ಕೊಟ್ಟಿದ್ದಾರೆ. 2010ರ ಬ್ಲ್ಯಾಕ್ ಮತ್ತು ವೈಟ್ ಆಟಗಳ ಪೀಳಿಗೆಯಿಂದ ಈ ಜೀವಿಗೆ ಒಂದು ಗುಪ್ತ ಸಾಮರ್ಥ್ಯ ದೊರೆಯಿತು. ಅದರ ಹೆಸರನ್ನು ಕನ್ನಡಿಸಿದರೆ ಹೊಂದಿಕೊಳ್ಳುವ ಶಕ್ತಿ ಎಂದಾಗುತ್ತದೆ. ಸಾಮಾನ್ಯವಾಗಿ ಯಾವುದೇ ಜೀವಿ ತನ್ನದೇ ವರ್ಗದ ಪಟ್ಟನ್ನು ಹಾಕಿದಾಗ ಹೊಡೆತದ ಬಲ ಒಂದೂವರೆ ಪಾಲಾಗುತ್ತದೆ. ಈ ಸಾಮರ್ಥ್ಯವಿದ್ದರೆ ಎರಡು ಪಾಲು. ಕ್ರಾಡಾಂಟ್‌ನ ದಾಳಿಯ ಅಂಕ 120, ವೇಗದ ಅಂಕ ಬರಿಯ 55. ನಿಧಾನದ ಪ್ರಾಣಿಯೆಂದು ಎಲ್ಲರೂ ಪಕ್ಕಕ್ಕಿಟ್ಟಿದ್ದ ಇದು, ಅಂದಿನಿಂದ ಪಳಗಿದ ಆಟಗಾರರೂ ಲೆಕ್ಕಕ್ಕೆ ತೆಗೆದುಕೊಳ್ಳುವ ಎದುರಾಳಿಯಾಯಿತು. ಅಲ್ಲಿಯೂ ಅದರ ಬಾಳು ಪೊರೆ ಕಳಚಿದ ಕ್ರೇಫಿಶ್‌ನಂತೆಯೇ: ಇಕ್ಕಳ ಬೀಸುವ ಅವಕಾಶ ಸಿಕ್ಕರೆ ಎದುರಿಗಿದ್ದದ್ದು ಉಳಿಯುವುದಿಲ್ಲ, ಸಿಗದಿದ್ದರೆ ಒಂದೇ ಏಟಿಗೆ ತಾನೇ ಮಲಗುತ್ತದೆ.

ಇನ್ನು ಕಾನೂನಿನ ಮಾತು. ಹೊರಗಿನಿಂದ ಬಂದು ಹಾನಿಮಾಡುವ ಜೀವಿಗಳನ್ನು ಸಾಕುವುದನ್ನೂ ಬಿಡುವುದನ್ನೂ ತಡೆಯುವ ಕಾಯ್ದೆ ಜಪಾನಿನಲ್ಲಿ ಜಾರಿಗೆ ಬಂದದ್ದು 2005ರಲ್ಲಿ, ಎಂದರೆ ಕಾರ್ಫಿಶ್‌ನ ಪುಟ ಬರೆದ ಮೇಲೆ. ಆದರೂ ಕೆಂಪು ಕ್ರೇಫಿಶ್ ಬಹುಕಾಲ ಆ ಪಟ್ಟಿಯ ಹೊರಗೇ ಉಳಿಯಿತು. 2020ರಲ್ಲಿ ಪರದೇಶದ ಉಳಿದ ಕ್ರೇಫಿಶ್‌ಗಳನ್ನೆಲ್ಲ ಪಟ್ಟಿಗೆ ಸೇರಿಸಿದಾಗಲೂ ಇದೊಂದನ್ನು ಬಿಟ್ಟರು. ಕಾರಣ ಸರಳ: ಇದು ಲೆಕ್ಕವಿಲ್ಲದಷ್ಟು ಮನೆಗಳಲ್ಲಿತ್ತು, ಶಾಲೆಗಳಲ್ಲಿತ್ತು, ಸಾಕುವುದೇ ಅಪರಾಧವೆಂದುಬಿಟ್ಟರೆ ಹೆದರಿದ ಜನ ರಾತ್ರೋರಾತ್ರಿ ಅದನ್ನು ಕೆರೆಗೆ ಸುರಿದು ಬರುವ ಭಯವಿತ್ತು. ಕಡೆಗೆ 2023ರ ಜೂನ್ 1ರಿಂದ ಒಂದು ನಡುದಾರಿ ಹಿಡಿದರು. ಮನೆಯಲ್ಲಿ ಸಾಕಬಹುದು, ಅನುಮತಿ ಬೇಡ, ಮಾರುವಂತಿಲ್ಲ, ಹೊರಗೆ ಬಿಡುವಂತಂತೂ ಇಲ್ಲವೇ ಇಲ್ಲ. ಬಿಟ್ಟವರಿಗೆ 3 ವರ್ಷದವರೆಗಿನ ಸೆರೆವಾಸ ಅಥವಾ 30 ಲಕ್ಷ ಯೆನ್‌ವರೆಗಿನ ದಂಡ. ಮಕ್ಕಳ ಆಟದ ಕೈಪಿಡಿಯೊಂದು ಎರಡು ಸಾಲಿನಲ್ಲಿ ಹೇಳಿದ್ದ ಸಾಕುಪ್ರಾಣಿಯ ಕಥೆಗೆ, ಇಪ್ಪತ್ತು ವರ್ಷಗಳ ಬಳಿಕ ಸರ್ಕಾರ ಬರೆದ ಮುಂದಿನ ಸಾಲಿನಂತಿದೆ ಇದು. ನಮ್ಮಲ್ಲಿಯೂ ಅಕ್ವೇರಿಯಂ ಅಂಗಡಿಯವರು ಟ್ಯಾಂಕ್ ಕ್ಲೀನರ್ ಎಂದು ಮಾರುವ ಸಕ್ಕರ್ ಮೀನು, ಗಾಜಿನ ಪೆಟ್ಟಿಗೆಗೆ ಮೀರಿ ಬೆಳೆದಾಗ ಕೆರೆಯ ಪಾಲಾಗುತ್ತದೆ; ಅದು ದಕ್ಷಿಣ ಅಮೆರಿಕದ ಮೀನೆಂದು ಬಿಟ್ಟುಬರುವವರು ಯೋಚಿಸಿರುವುದಿಲ್ಲ. ಪಾಪ, ಅದರ ಜೀವ ಉಳಿಸಿದೆವೆಂದೇ ಅವರು ತಿಳಿದಿರುತ್ತಾರೆ.

ಆಟಕ್ಕೆ ಮರಳುತ್ತೇನೆ. ಹಿಡಿದ ಜೀವಿಗಳೆಲ್ಲವನ್ನೂ ಜೊತೆಗೆ ಕರೆದೊಯ್ಯಲಾಗದ್ದರಿಂದ, ಹೆಚ್ಚಾದವನ್ನು ಕಂಪ್ಯೂಟರಿನ ಪೆಟ್ಟಿಗೆಗಳಲ್ಲಿ ಇಟ್ಟುಕೊಳ್ಳುವ ಏರ್ಪಾಡು ಅದರಲ್ಲಿದೆ. ಪೆಟ್ಟಿಗೆ ತುಂಬಿದಾಗ ಬೇಡದ ಜೀವಿಯ ಮೇಲೆ ಬೆರಳಿಟ್ಟರೆ ಕೆಲವು ಆಯ್ಕೆಗಳು ತೆರೆದುಕೊಳ್ಳುತ್ತವೆ, ಅವುಗಳಲ್ಲಿ ಬಿಟ್ಟುಬಿಡು ಎಂಬುದೂ ಒಂದು. ನಿಜವಾಗಿಯೂ ಬಿಡುವುದೇ ಎಂದು ಆಟ ಒಮ್ಮೆ ಕೇಳುತ್ತದೆ. ಹೌದೆಂದರೆ ಅದರ ಚಿತ್ರ ಕುಗ್ಗುತ್ತ ಮಾಯವಾಗಿ, ಹೋಗಿ ಬಾ ಕಾರ್ಫಿಶ್ ಎಂಬರ್ಥದ ಒಂದು ಸಾಲು ತೆರೆಯ ಮೇಲೆ ಮೂಡುತ್ತದೆ. ಅದು ಯಾವ ಕೊಳಕ್ಕೆ ಹೋಯಿತು ಎಂಬುದನ್ನು ಆಟ ಹೇಳುವುದಿಲ್ಲ. ಪೆಟ್ಟಿಗೆಯಲ್ಲಿ ಒಂದು ಜಾಗ ಖಾಲಿಯಾಗಿರುತ್ತದೆ. ಹುಡುಗ ಮತ್ತೆ ಗಾಳ ಎತ್ತಿಕೊಂಡು ಹೊರಡುತ್ತಾನೆ.

ನಮಸ್ಕಾರ.