ಇವತ್ತು ಬೇಡ ಅನ್ನುವ ಸ್ಕೂಲು

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ನನ್ನ ಮೊದಲ ಫ್ಲೈಯಿಂಗ್ ಸ್ಕೂಲನ್ನು ನಾನು ಆರಿಸಿದ್ದು ವಿಮಾನದ ಬಣ್ಣ ನೋಡಿ. ಬಿಳಿ ಮೈಗೆ ನೀಲಿ ಪಟ್ಟಿ, ಒಳಗೆ ಎರಡು ದೊಡ್ಡ ಸ್ಕ್ರೀನು, ಹೊಸ ಸೀಟಿನ ವಾಸನೆ. ಕೂತ ತಕ್ಷಣ ಅರ್ಧ ಪೈಲಟ್ ಆಗಿಬಿಟ್ಟೆ ಅನ್ನಿಸಿತ್ತು. ನಾಲ್ಕು ತಿಂಗಳಾದ ಮೇಲೆ, 19 ಗಂಟೆ ಹಾರಿ, ಆ ಸ್ಕೂಲು ಬಿಟ್ಟೆ. ಅಪಘಾತ ಏನೂ ಆಗಲಿಲ್ಲ. ಯಾರೂ ಮೋಸ ಮಾಡಲಿಲ್ಲ. ಮೂವರು ಇನ್‌ಸ್ಟ್ರಕ್ಟರ್ ಬದಲಾದರು, ಮೂವರೂ ನನ್ನ ಕೈಯಲ್ಲಿ ಅದೇ ಸ್ಟಾಲ್ ಪಾಠವನ್ನು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡಾಗ ವಿಮಾನವನ್ನು ಸಂಭಾಳಿಸುವ ಪಾಠವನ್ನು, ಮೊದಲಿಂದ ಮಾಡಿಸಿದರು, ಅಷ್ಟೆ. ಮೂರೂ ಸಲ ದುಡ್ಡು ಕಟ್ಟಿದ್ದು ನಾನು.

ಇವತ್ತಿನ ಮಾತು ಪ್ರೈವೇಟ್ ಪೈಲಟ್ ಲೈಸೆನ್ಸಿಗೆ, ಅಂದರೆ ಪಿಪಿಎಲ್‌ಗೆ, ಕಲಿಯಲು ಹೊರಟವರಿಗಾಗಿ. ಏರ್‌ಲೈನ್ ಕೆಲಸಕ್ಕೆ ಹೋಗುವವರ ಲೆಕ್ಕಾಚಾರವೇ ಬೇರೆ. ನಮ್ಮದು ಒಂದು ಎಂಜಿನ್ನಿನ ಚಿಕ್ಕ ವಿಮಾನ, ಸ್ವಂತ ಖುಷಿ, ಸ್ವಂತ ದುಡ್ಡು, ಕೆಲಸದ ನಡುವೆ ಕದ್ದ ಸಮಯ.

ಎಲ್ಲರೂ ಮೊದಲು ಕೇಳುವುದು "ಗಂಟೆಗೆ ಎಷ್ಟು?" ಅಂತ. ನಾನೂ ಅದನ್ನೇ ಕೇಳಿದ್ದೆ. ಆದರೆ ಆ ಉತ್ತರದಿಂದ ತಿಳಿಯುವುದು ತೀರಾ ಕಡಿಮೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋ, ಪಿಪಿಎಲ್‌ಗೆ ಕನಿಷ್ಠ 40 ಗಂಟೆ ಹಾರಾಟ ಬೇಕು ಅನ್ನುತ್ತದೆ. ಅಮೆರಿಕದಲ್ಲೂ 40, ಅಲ್ಲಿನ ಒಂದು ಬಗೆಯ ಮಾನ್ಯತೆ ಪಡೆದ ಸ್ಕೂಲುಗಳಲ್ಲಿ 35. ಯುರೋಪಿನಲ್ಲಿ 45. ಬಹಳ ಸ್ಕೂಲುಗಳು ಈ ಕನಿಷ್ಠವನ್ನು ರೇಟಿಗೆ ಗುಣಿಸಿ ಒಂದು ಚೆಂದದ ಮೊತ್ತ ಬರೆದುಕೊಡುತ್ತವೆ. ಕನಿಷ್ಠದಲ್ಲೇ ಮುಗಿಸುವವರು ಬೆರಳೆಣಿಕೆಯಷ್ಟು ಮಂದಿ. 60 ಗಂಟೆ, 70 ಗಂಟೆ ಹಿಡಿಯುವುದೇ ಮಾಮೂಲು. ಹಾಗಾಗಿ ಹೀಗೆ ಕೇಳಿ: ಕಳೆದ ವರ್ಷ ಇಲ್ಲಿ ಲೈಸೆನ್ಸ್ ತೆಗೆದುಕೊಂಡವರಿಗೆ ನಿಜವಾಗಿ ಎಷ್ಟು ಗಂಟೆ ಆಯಿತು? ಶುರು ಮಾಡಿದವರಲ್ಲಿ ಎಷ್ಟು ಜನ ಮುಗಿಸಿದರು? ಫೈಲು ತೆಗೆದು ನೋಡಿ ಹೇಳುವವರು ಒಂದು ಬಗೆ. "ಅದೆಲ್ಲ ನಿಮ್ಮ ಕೈಲಿದೆ ಸರ್" ಅಂತ ನಗುವವರು ಇನ್ನೊಂದು ಬಗೆ.

ಗಂಟೆ ಅಂದರೆ ಯಾವ ಗಂಟೆ ಅನ್ನುವುದೂ ಇದೆ. ಚಿಕ್ಕ ವಿಮಾನಗಳಲ್ಲಿ ಸಾಮಾನ್ಯವಾಗಿ ಎರಡು ಮೀಟರ್ ಇರುತ್ತವೆ. ಹಾಬ್ಸ್ ಮೀಟರ್ ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಗಡಿಯಾರದ ಹಾಗೆ ಓಡುತ್ತದೆ. ಟ್ಯಾಕೋ ಮೀಟರ್ ಎಂಜಿನ್ನಿನ ಸುತ್ತು ಎಣಿಸುವುದರಿಂದ, ನೆಲದ ಮೇಲೆ ನಿಧಾನಕ್ಕೆ ಗುರುಗುಡುತ್ತಾ ನಿಂತಾಗ ಅದೂ ನಿಧಾನ. ಅದೇ ಹಾರಾಟಕ್ಕೆ ಹಾಬ್ಸ್ ಜಾಸ್ತಿ ತೋರಿಸುತ್ತದೆ. ಅಂದರೆ ಒಂದು ಕಡೆ ಕಡಿಮೆ ರೇಟು, ಹಾಬ್ಸ್ ಲೆಕ್ಕ; ಇನ್ನೊಂದು ಕಡೆ ಸ್ವಲ್ಪ ಜಾಸ್ತಿ ರೇಟು, ಟ್ಯಾಕೋ ಲೆಕ್ಕ. ಯಾವುದು ಅಗ್ಗ? ನಿಜಕ್ಕೂ ಕೂತು ಲೆಕ್ಕ ಹಾಕಬೇಕು. ಇಂಧನ ಸೇರಿದೆಯಾ, ಪಾಠಕ್ಕೆ ಮುಂಚೆ ನೆಲದ ಮೇಲೆ ಮಾತಾಡುವ ಹೊತ್ತಿಗೂ ಇನ್‌ಸ್ಟ್ರಕ್ಟರ್ ಫೀಸ್ ಇದೆಯಾ, ಪರೀಕ್ಷೆ ದಿನದ ವಿಮಾನದ ಬಾಡಿಗೆ ಯಾರದ್ದು, ಇವನ್ನೂ ಬರೆಸಿಕೊಳ್ಳಿ.

ಸರಿ, 40 ಗಂಟೆ 70 ಆಗುವುದು ಹೇಗೆ? ದಡ್ಡತನದಿಂದ ಅಲ್ಲ. ಗ್ಯಾಪ್‌ನಿಂದ. ಲ್ಯಾಂಡಿಂಗ್ ಕಲಿಯುವಾಗ ನೆಲ ಎಷ್ಟು ಹತ್ತಿರ ಬಂತು, ಮೂತಿಯನ್ನು ಯಾವಾಗ ಮೇಲಕ್ಕೆ ಎತ್ತಬೇಕು ಅನ್ನುವುದು ಕಣ್ಣಿಗೆ ಕೂರಬೇಕು. ಹತ್ತು ದಿನ ಬಿಟ್ಟರೆ ಆ ಕಣ್ಣು ಹೋಗಿಬಿಡುತ್ತದೆ. ಮುಂದಿನ ಪಾಠದ ಅರ್ಧ, ಕಳೆದುಕೊಂಡದ್ದನ್ನು ಹುಡುಕುವುದರಲ್ಲೇ ಮುಗಿಯುತ್ತದೆ. ವಾರಕ್ಕೆ ಎರಡು ಮೂರು ಸಲ ಹಾರಿದವರು ಬೇಗ ಮುಗಿಸುತ್ತಾರೆ. ಆದ್ದರಿಂದ ಸ್ಕೂಲಿನ ಬ್ರೋಷರ್ ಪಕ್ಕಕ್ಕಿಟ್ಟು, ಬುಕಿಂಗ್ ಶೀಟ್ ತೋರಿಸಿ ಅನ್ನಿ. ನಿಮಗೆ ಬಿಡುವಿರುವ ಹೊತ್ತಿಗೆ ಮುಂದಿನ ವಾರ ಮೂರು ಸ್ಲಾಟ್ ಸಿಗುತ್ತವಾ ನೋಡಿ. ವೆಬ್‌ಸೈಟಿನಲ್ಲಿ ಎಂಟು ವಿಮಾನದ ಫೋಟೋ ಇರಬಹುದು. ಅವುಗಳಲ್ಲಿ ಎರಡು ವಿಮಾನ ಎಂಜಿನ್ ಬಿಚ್ಚಿಕೊಂಡು ಕೂತಿರುತ್ತವೆ, ಒಂದಕ್ಕೆ ಬಿಡಿಭಾಗ ಬಂದಿರುವುದಿಲ್ಲ, ಎರಡು ಕಮರ್ಷಿಯಲ್ ವಿದ್ಯಾರ್ಥಿಗಳಿಗೇ ಮೀಸಲು. ಉಳಿದ ಮೂರರಲ್ಲಿ ನಿಮ್ಮ ಜೊತೆ ಇನ್ನೂ ನಲವತ್ತು ಜನ. ಸ್ಕೂಲು ಮನೆಯಿಂದ ಎಷ್ಟು ದೂರ ಅನ್ನುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹೋಗಿಬರಲು ನಾಲ್ಕು ತಾಸು ಹಿಡಿಯುವ ಒಳ್ಳೆಯ ಸ್ಕೂಲಿಗೆ, ನಂಬಿ, ನೀವು ತಿಂಗಳಿಗೆ ಎರಡು ಸಲ ಹೋದರೆ ಹೆಚ್ಚು.

ಇನ್‌ಸ್ಟ್ರಕ್ಟರ್ ವಿಷಯಕ್ಕೆ ಬರೋಣ. ಬಹಳ ಕಡೆ ಪಾಠ ಹೇಳುವವರು ಸ್ವತಃ ಗಂಟೆ ಕೂಡಿಸಿಕೊಳ್ಳುತ್ತಿರುವ ಯುವಕ ಯುವತಿಯರು. ಅಮೆರಿಕದಲ್ಲಿ 2013ರಿಂದ ಏರ್‌ಲೈನ್ ಕೋ-ಪೈಲಟ್ ಆಗಲು ಸಾಮಾನ್ಯವಾಗಿ 1500 ಗಂಟೆ ಬೇಕು. ಆ ಗಂಟೆ ಎಲ್ಲಿಂದ ಬರಬೇಕು? ನಿಮ್ಮ ಪಕ್ಕದ ಸೀಟಿನಿಂದ. ಇದರಲ್ಲಿ ಕೆಟ್ಟದ್ದೇನಿಲ್ಲ. ನಿನ್ನೆ ಮೊನ್ನೆ ತಾವೇ ಎಡವಿದ ಜಾಗ ಅವರಿಗೆ ಚೆನ್ನಾಗಿ ನೆನಪಿರುತ್ತದೆ, ಕೆಲವರು ಅದ್ಭುತವಾಗಿ ಕಲಿಸುತ್ತಾರೆ. ತೊಂದರೆ ಏನೆಂದರೆ, ಏರ್‌ಲೈನಿನಿಂದ ಕರೆ ಬಂದ ದಿನ ಅವರು ಹೊರಟುಬಿಡುತ್ತಾರೆ. ಹೋಗುವವರು ಹೋಗಲಿ. ಬರುವವರಿಗೆ ನಿಮ್ಮ ಬಗ್ಗೆ ಏನು ಬರೆದಿಟ್ಟು ಹೋದರು? ಲಿಖಿತ ಸಿಲಬಸ್ ಇದೆಯಾ, ಪ್ರತಿ ಪಾಠಕ್ಕೂ "ಇಲ್ಲಿ ಸರಿ, ಇಲ್ಲಿ ಇನ್ನೂ ಆಗಬೇಕು" ಅಂತ ದಾಖಲೆ ಇದೆಯಾ, ನಡುನಡುವೆ ಬೇರೆ ಹಿರಿಯ ಇನ್‌ಸ್ಟ್ರಕ್ಟರ್ ನಿಮ್ಮನ್ನು ಪರೀಕ್ಷಿಸುತ್ತಾರಾ? ನನ್ನ ಹಳೆಯ ಸ್ಕೂಲಿನ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಇದ್ದದ್ದು ತಾರೀಕು, ಸಮಯ, ಒಂದು ಸಹಿ. ಅಷ್ಟನ್ನು ಓದಿ ಹೊಸಬರು ಏನು ಮಾಡಿಯಾರು ಪಾಪ? ಮೊದಲಿಂದ ಶುರು ಮಾಡಿದರು.

ಈಗ ಹ್ಯಾಂಗರಿಗೆ, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿಗೆ, ಹೋಗೋಣ. ನನ್ನನ್ನು ಕೇಳಿದರೆ ಆಫೀಸಿಗಿಂತ ಮೊದಲು ಅಲ್ಲಿಗೇ ಹೋಗಬೇಕು. ವಿಮಾನ ಹಳೆಯದು ಅಂತ ಗಾಬರಿ ಆಗಬೇಡಿ. ಕಲಿಸಲು ಬಹಳ ಕಡೆ ಬಳಸುವ ಚಿಕ್ಕ ವಿಮಾನ ಸೆಸ್ನಾ 172 ಮೊದಲು ಹಾರಿದ್ದು 1955ರಲ್ಲಿ. ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಎರಡು ಸೀಟಿನ ಸೆಸ್ನಾ 152ರ ತಯಾರಿ 1985ಕ್ಕೇ ನಿಂತಿತು. ಹಾಗಾಗಿ ಅದರಲ್ಲಿ ಕಲಿಯುವ ಬಹಳಷ್ಟು ಮಕ್ಕಳಿಗಿಂತ ವಿಮಾನವೇ ದೊಡ್ಡದು, ವಯಸ್ಸಿನಲ್ಲಿ. ನೋಡಬೇಕಾದ್ದು ಡಿಫೆಕ್ಟ್ ಬುಕ್. ಹಾರಿ ಬಂದವರು ಕಂಡ ದೋಷ ಬರೆಯುವ ಪುಸ್ತಕ ಅದು. ಎಡಗಡೆ ದೋಷ, ಬಲಗಡೆ ಮೆಕ್ಯಾನಿಕ್ ಏನು ಮಾಡಿದರು, ಸಹಿ.

ನಾನು ಬಿಟ್ಟುಬಂದ ಸ್ಕೂಲಿನ ಪುಸ್ತಕದಲ್ಲಿ "ಎಡ ಬ್ರೇಕ್ ಮೆತ್ತಗಿದೆ" ಅಂತ ನಾಲ್ಕು ಸಲ ಇತ್ತು. ನಾಲ್ಕು ಬೇರೆ ಬೇರೆ ಕೈಬರಹ. ಬಲಗಡೆ ಖಾಲಿ. ಆಮೇಲೆ ಸೇರಿದ ಸ್ಕೂಲಿನ ಪುಸ್ತಕದಲ್ಲಿ ಕಣ್ಣಿಗೆ ಬಿದ್ದ ಒಂದು ಸಾಲು: "ಬಲ ಮ್ಯಾಗ್ನೆಟೋ ಡ್ರಾಪ್ 180." ಹಾರುವ ಮುಂಚೆ ಎಂಜಿನ್ನಿನ ಎರಡು ಇಗ್ನಿಷನ್‌ಗಳಲ್ಲಿ ಒಂದನ್ನು ಆಫ್ ಮಾಡಿ, ಸುತ್ತು ಎಷ್ಟು ಇಳಿಯುತ್ತದೆ ಅಂತ ನೋಡುತ್ತೇವೆ, ಆ ಲೆಕ್ಕ ಇದು. ಎದುರಿಗೆ: "ಕೆಳಗಿನ ಪ್ಲಗ್ ಕ್ಲೀನ್ ಮಾಡಿದೆ. ಡ್ರಾಪ್ 70." ಅದೇ ದಿನದ ತಾರೀಕು, ಸಹಿ. ಇಷ್ಟೇ ಸಾಕು. ಇನ್ನೊಂದು ಮಾತು, ಡಿಫೆಕ್ಟ್ ಬುಕ್ ಪೂರ್ತಿ ಖಾಲಿ ಇದ್ದರೆ ಖುಷಿ ಪಡಬೇಡಿ. ದಿನಾ ಹೊಸಬರು ಧಡಕ್ಕನೆ ಇಳಿಸುವ ವಿಮಾನದಲ್ಲಿ ದೋಷವೇ ಇಲ್ಲ ಅಂದರೆ, ಯಾರೂ ಬರೆಯುತ್ತಿಲ್ಲ ಅಂತ ಅರ್ಥ. ಬರೆದರೆ ಬೈಯುತ್ತಾರೇನೋ. ಪುಸ್ತಕ ತೋರಿಸುವುದೇ ಇಲ್ಲ ಅಂದರೆ, ನಮಸ್ಕಾರ ಹೇಳಿ ಎದ್ದು ಬನ್ನಿ.

ಎರಡನೇ ಸ್ಕೂಲಿಗೆ ನಾನು ಟ್ರಯಲ್ ಫ್ಲೈಟ್‌ಗೆ ಅಂತ ಹೋಗಿದ್ದೆ. ಹಿಂದಿನ ರಾತ್ರಿ ಜೋರು ಮಳೆ. ಬೆಳಗ್ಗೆ ಆಕಾಶ ತೊಳೆದ ಹಾಗಿತ್ತು. ಇನ್‌ಸ್ಟ್ರಕ್ಟರ್ ಮೇಡಂ ನನ್ನ ಕೈಗೇ ಫ್ಯೂಯಲ್ ಸ್ಯಾಂಪ್ಲರ್ ಕೊಟ್ಟರು. ಸಣ್ಣ ಪಾರದರ್ಶಕ ಲೋಟದಂಥದ್ದು. ರೆಕ್ಕೆಯ ಕೆಳಗೆ ಬಗ್ಗಿ ಡ್ರೇನ್ ಒತ್ತಿ ಹಿಡಿದೆ. ಈ ವಿಮಾನಗಳಿಗೆ ಹಾಕುವ ಪೆಟ್ರೋಲು, ಏವ್‌ಗ್ಯಾಸ್ 100ಎಲ್‌ಎಲ್, ತಿಳಿ ನೀಲಿ ಬಣ್ಣದ್ದು. ಅದನ್ನು ಬೆಳಕಿಗೆ ಹಿಡಿದಾಗ ತಳದಲ್ಲಿ ಒಂದು ಬಣ್ಣವಿಲ್ಲದ ಗುಂಡು, ಪಾದರಸದ ಹಾಗೆ ಹೊರಳಾಡುತ್ತಿತ್ತು. ನೀರು. ಪೆಟ್ರೋಲಿಗಿಂತ ಭಾರ, ಅದಕ್ಕೇ ತಳಕ್ಕೆ ಇಳಿಯುತ್ತದೆ. ಅದೇನಾದರೂ ಟೇಕ್‌ಆಫ್ ಹೊತ್ತಿಗೆ ಎಂಜಿನ್ನಿಗೆ ಹೋದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಮೇಡಂ ಮತ್ತೆ ತೆಗೆಸಿದರು. ಮತ್ತೆ ನೀರು. ರೆಕ್ಕೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೂರನೇ ಸಲ. ಈ ಸಲ ಗುಂಡು ಚಿಕ್ಕದು, ಆದರೂ ಇತ್ತು.

"ಇವತ್ತು ಬೇಡ ಬಿಡಿ," ಅಂದರು. ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅವರು ಏಣಿ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ, ಒಳಗಿನ ರಬ್ಬರ್ ಸೀಲ್ ಬಿರುಕು ಬಿಟ್ಟಿತ್ತು. ಪಕ್ಕದ ವಿಮಾನ ಬೇರೆಯವರಿಗೆ ಬುಕ್ ಆಗಿತ್ತು. ಆ ಬೆಳಗ್ಗೆ ಸ್ಕೂಲಿಗೆ ಒಂದು ಗಂಟೆಯ ಬಾಡಿಗೆ ನಷ್ಟವಾಯಿತು, ನನ್ನಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನಾನು ಒಂದು ನಿಮಿಷವೂ ಹಾರದೆ ಅಲ್ಲೇ ಅಡ್ಮಿಷನ್ ಮಾಡಿಸಿದೆ.

ಆದ್ದರಿಂದ ಯಾವ ಸ್ಕೂಲಿಗೆ ಹೋದರೂ, ಹೋದ ತಿಂಗಳು ಎಷ್ಟು ಹಾರಾಟ ರದ್ದು ಮಾಡಿದಿರಿ, ಯಾಕೆ ಅಂತ ಕೇಳಿ. ವಿದ್ಯಾರ್ಥಿ ಒಬ್ಬನೇ ಹಾರುವಾಗ ಅಡ್ಡಗಾಳಿ ಎಷ್ಟರವರೆಗೆ ಇರಬಹುದು, ದೃಷ್ಟಿ ಎಷ್ಟು ದೂರ ಇರಬೇಕು ಅಂತ ಬರೆದಿಟ್ಟ ಮಿತಿ ಇದೆಯಾ ಕೇಳಿ. "ನೋಡ್ಕೊಂಡು ಕಳಿಸ್ತೀವಿ" ಅನ್ನುವುದು ಮಿತಿ ಅಲ್ಲ.

ಏರ್‌ಪೋರ್ಟ್ ಬಗ್ಗೆ ಎರಡು ಮಾತು. ಕಂಟ್ರೋಲ್ ಟವರ್ ಇರುವ ದೊಡ್ಡ ಏರ್‌ಪೋರ್ಟಿನಲ್ಲಿ ಕಲಿತರೆ ರೇಡಿಯೋ ಭಯ ಹೋಗುತ್ತದೆ, ಆದರೆ ದೊಡ್ಡ ವಿಮಾನಗಳ ಹಿಂದೆ ಸಾಲಿನಲ್ಲಿ ನಿಂತು ಹಾಬ್ಸ್ ಮೀಟರ್ ನೋಡುತ್ತಾ ಕೂರಬೇಕಾಗುತ್ತದೆ. ಸಣ್ಣ ಏರ್‌ಸ್ಟ್ರಿಪ್‌ನಲ್ಲಿ ಒಂದು ಗಂಟೆಗೆ ಏಳೆಂಟು ಲ್ಯಾಂಡಿಂಗ್ ಸಿಗಬಹುದು. ನನಗೆ ಸಣ್ಣದೇ ಇಷ್ಟ, ನಡುವೆ ಆಗಾಗ ದೊಡ್ಡದಕ್ಕೆ ಕರೆದುಕೊಂಡು ಹೋಗುವುದಾದರೆ. ಸಿಮ್ಯುಲೇಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪಿಪಿಎಲ್‌ಗೆ ಅಂಥ ನಷ್ಟವೇನಿಲ್ಲ.

ನನ್ನ ಹಾಗೆ ಸ್ವಲ್ಪ ದಪ್ಪಗಿರುವವರಿಗೆ ಒಂದು ಕಿವಿಮಾತು. ಸೆಸ್ನಾ 152ರ ಒಟ್ಟು ತೂಕದ ಮಿತಿ 757 ಕೆಜಿ. ಖಾಲಿ ವಿಮಾನ, ಫುಲ್ ಟ್ಯಾಂಕ್ ಇಂಧನ ಕಳೆದರೆ ಇಬ್ಬರಿಗೂ ಬ್ಯಾಗಿಗೂ ಸೇರಿ ಉಳಿಯುವುದು ಸುಮಾರು 170 ಕೆಜಿ. ನೀವು 95, ಇನ್‌ಸ್ಟ್ರಕ್ಟರ್ 85 ಆದರೆ ಏನು ಮಾಡುತ್ತೀರಿ ಅಂತ ಸ್ಕೂಲಿನವರನ್ನು ಕೇಳಿ. "ಇಂಧನ ಕಡಿಮೆ ಹಾಕಿ, ಲೆಕ್ಕ ಬರೆದು ಹಾರುತ್ತೇವೆ" ಅಂದರೆ ಸರಿ. "ಏನಾಗಲ್ಲ ಬನ್ನಿ" ಅಂದರೆ ಹೋಗಬೇಡಿ.

ದುಡ್ಡನ್ನು ಪೂರ್ತಿ ಮುಂಗಡ ಕಟ್ಟಬೇಡಿ. ದೊಡ್ಡ ಡಿಸ್ಕೌಂಟ್ ಆಸೆ ತೋರಿಸುತ್ತಾರೆ. ಸ್ಕೂಲು ಬಾಗಿಲು ಹಾಕಿದರೆ ಆ ದುಡ್ಡಿನ ಹಿಂದೆ ಅಲೆಯುವವರು ನೀವು. ಐದು ಗಂಟೆಗೆ ಆಗುವಷ್ಟು ಕಟ್ಟಿ, ಮುಗಿದಂತೆ ಮತ್ತೆ ಕಟ್ಟಿ. ವಿಮಾನಕ್ಕೆ ಪೆಟ್ಟಾದರೆ ವಿಮೆ ಯಾರನ್ನು ಕಾಯುತ್ತದೆ, ನಿಮ್ಮ ಪಾಲು ಎಷ್ಟು ಅನ್ನುವುದನ್ನು ಕಾಗದದಲ್ಲೇ ಓದಿ. ಬಹಳ ಸಲ ಅದು ಸ್ಕೂಲನ್ನು ಮಾತ್ರ ಕಾಯುತ್ತದೆ. ಇವೆಲ್ಲಕ್ಕೂ ಮುಂಚೆ ಮೆಡಿಕಲ್ ಮಾಡಿಸಿ. ಐಕಾವೋ ಪ್ರಕಾರ ಪಿಪಿಎಲ್‌ಗೆ ಕ್ಲಾಸ್ 2. ಹತ್ತು ಗಂಟೆ ಹಾರಿದ ಮೇಲೆ ಕಣ್ಣಿನದೋ ಹೃದಯದ್ದೋ ತಕರಾರು ಗೊತ್ತಾಗುವುದು ಬೇಡ.

ನನ್ನ ಟ್ರಯಲ್ ಫ್ಲೈಟ್ ಕಥೆ ಅರ್ಧಕ್ಕೇ ನಿಂತಿತು, ಅಲ್ವಾ? ಮೂರು ದಿನ ಬಿಟ್ಟು ಮತ್ತೆ ಹೋದೆ. ಹೊಸ ಸೀಲ್ ಹಾಕಿದ್ದರು, ಸ್ಯಾಂಪಲ್ ಪೂರ್ತಿ ನೀಲಿ. ಮೇಡಂ ನನ್ನ ಲಾಗ್‌ಬುಕ್ ತೆಗೆದುಕೊಂಡು 19 ಗಂಟೆಯ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು.

"ಸ್ಟಾಲ್ ಪಾಠ ಮೂರು ಸಲ ಆಗಿದೆಯಲ್ಲ?"

"ಹೌದು ಮೇಡಂ. ಮೂವರ ಹತ್ತಿರ."

"ಹಾಗಾದರೆ ಇವತ್ತು ನೀವೇ ನನಗೆ ಹೇಳಿಕೊಡಿ. ನಾನು ವಿದ್ಯಾರ್ಥಿ," ಅಂದು ಸೀಟ್ ಬೆಲ್ಟ್ ಎಳೆದುಕೊಂಡರು.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು.